ಫಿಸಿಕ್ಸ್ ವಿಭಾಗದ ಆಫೀಸನ್ನು ಕಾಮನ್ ಆಫೀಸಿಗೆ ಸೇರಿಸಬೇಕಂತೆ. ಒಪ್ಪಬೇಕಾ?

ಗದಗಿನವ_ಪುಣೆ:
ಎಲ್ಲರಿಗೂ ನಮಸ್ಕಾರ. ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಸರದಿ ಪ್ರಕಾರ ಈ ಜುಲೈನಿಂದ ಎಚ್‌ಓಡಿ (ವಿಭಾಗದ ಮುಖ್ಯಸ್ಥ) ಜವಾಬ್ದಾರಿ ನನಗೆ ಬಂದಿದೆ. ಮುಂಬೈ, ಪುಣೆ, ಗೋವಾ ಕಡೆ ಕಾಲೇಜು, ಲ್ಯಾಬ್‌ಗಳಲ್ಲಿ ಕೆಲಸ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ವಿಭಾಗದ ಹಿರಿಯ ಕ್ಲರ್ಕ್ ಡಿಸೆಂಬರಿನಲ್ಲಿ ನಿವೃತ್ತರಾಗುತ್ತಾರೆ. ಸ್ಟೋರ್ ಕೀಪರ್ ಹುದ್ದೆ ಎಷ್ಟೋ ವರ್ಷದಿಂದ ಖಾಲಿ ಇದೆ. ವರ್ಕ್‌ಶಾಪ್ ಮೆಕ್ಯಾನಿಕ್ ಹೋದ ಮೇಲೆ ಲೇತ್ ಮೇಲೆ ಬಟ್ಟೆ ಹೊದಿಸಿಟ್ಟಿದ್ದೇವೆ. ಈಗ ಸುತ್ತೋಲೆ ಬಂದಿದೆ. ಎಲ್ಲ ವಿಜ್ಞಾನ ವಿಭಾಗಗಳ ಖರೀದಿ, ಸ್ಟೋರ್, ಬಿಲ್, ಪ್ರಾಜೆಕ್ಟ್ ಲೆಕ್ಕ, ಎಲ್ಲವೂ ಒಂದೇ ಕಾಮನ್ ಆಫೀಸಿಗೆ. ವಿಭಾಗಕ್ಕೆ ಕಾಂಟ್ರಾಕ್ಟ್ ಮೇಲೆ ಒಬ್ಬ ಡೇಟಾ ಎಂಟ್ರಿ ಹುಡುಗ ಮಾತ್ರ.

ನಮ್ಮಲ್ಲೇ ಅರ್ಧ ಜನ ಖುಷಿಯಾಗಿದ್ದಾರೆ. ತಲೆನೋವು ಹೋಯಿತು, ಪಾಠ ಮಾಡಿಕೊಂಡು, ರಿಸರ್ಚ್ ಮಾಡಿಕೊಂಡು ಇರೋಣ ಎನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಮ್ಮ ಕ್ಲರ್ಕ್ ಮೇಜಿನ ಮೇಲೆ ಒಂದು ಉದ್ದನೆಯ ಕೆಂಪು ರಟ್ಟಿನ ಪುಸ್ತಕ ಇದೆ. ಯಾವ ಮಷೀನ್ ಯಾವ ಪ್ರಾಜೆಕ್ಟಿನಲ್ಲಿ ಬಂತು, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಯಾವಾಗ ಮುಗಿಯುತ್ತದೆ, ರಿಪೇರಿಗೆ ಯಾವ ಇಂಜಿನಿಯರ್ ಬರುತ್ತಾರೆ, ಅವರು ಫೋನ್ ಎತ್ತದಿದ್ದರೆ ಮತ್ತೆ ಯಾರಿಗೆ ಮಾಡಬೇಕು, ಎಲ್ಲ ಅದರಲ್ಲಿದೆ. ಎಕ್ಸ್‌ರೇ ಡಿಫ್ರಾಕ್ಷನ್ ಮಷೀನಿನ ಚಿಲ್ಲರ್ ನಿಂತರೆ ಪ್ರೊಫೆಸರ್‌ಗೆ ಗೊತ್ತಾಗುವ ಮೊದಲೇ ಅವರು ಫೋನ್ ಮಾಡಿರುತ್ತಾರೆ. ಈ ಕೆಲಸ ಅರ್ಧ ಕಿಲೋಮೀಟರ್ ಆಚೆ ಇರುವ ಕಾಮನ್ ಆಫೀಸಿನಿಂದ ಆಗುತ್ತದಾ?

ಮುಂದಿನ ತಿಂಗಳು ಮೀಟಿಂಗ್ ಇದೆ. ಲಿಖಿತ ಅಭಿಪ್ರಾಯ ಕೊಡಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ಕಲೀನಾ_ಕಡೆಯವ:
ಒಪ್ಪಬೇಡಿ ಸರ್. ಒಮ್ಮೆ ಹೋದ ಹುದ್ದೆ ಮತ್ತೆ ವಿಭಾಗಕ್ಕೆ ಬರುವುದಿಲ್ಲ.

ಲೆಕ್ಕದ_ಭಟ್ಟರು:
ಸ್ವಲ್ಪ ತಡೆಯಿರಿ. ನಾನು ಲೆಕ್ಕಪತ್ರ ವಿಭಾಗದಲ್ಲೇ ಇದ್ದು ನಿವೃತ್ತನಾದವನು, ಈಗ ಡೊಂಬಿವಲಿಯಲ್ಲಿದ್ದೇನೆ. ಆ ಕಡೆಯ ಮಾತನ್ನೂ ಕೇಳಿ.

ಪ್ರತಿ ವಿಭಾಗವೂ ತನ್ನದೇ ಖರೀದಿ ಮಾಡಿದರೆ ಏನಾಗುತ್ತದೆ ಗೊತ್ತಾ? ಕೊಟೇಶನ್ ತುಲನಾ ಪಟ್ಟಿಗೆ ಸಹಿ ಇರುವುದಿಲ್ಲ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ (ಬಾಳಿಕೆ ಬರುವ ಸಾಮಾನಿನ ದಾಖಲೆ ಪುಸ್ತಕ) ಎಂಟ್ರಿ ಇಲ್ಲದೆಯೇ ಬಿಲ್ ಪಾಸಿಗೆ ಬರುತ್ತದೆ. ಪ್ರಾಜೆಕ್ಟ್ ಮುಗಿದು ವರ್ಷಗಟ್ಟಲೆ ಆದರೂ ಯುಟಿಲೈಸೇಶನ್ ಸರ್ಟಿಫಿಕೇಟ್ (ಯುಸಿ, ಗ್ರಾಂಟ್ ಹೇಗೆ ಖರ್ಚಾಯಿತು ಎಂಬ ಪ್ರಮಾಣಪತ್ರ) ಹೋಗಿರುವುದಿಲ್ಲ. ಕೇಂದ್ರದ ಹಣಕಾಸು ನಿಯಮ ಜಿಎಫ್‌ಆರ್ 2017 ಬಂದ ಮೇಲೆ 12-ಎ ಫಾರಂನಲ್ಲೇ ಕೊಡಬೇಕು. ಆಮೇಲೂ ಹಳೆಯ 19-ಎ ತುಂಬಿಕೊಂಡು ಬಂದವರನ್ನು ನೋಡಿದ್ದೇನೆ. ಗ್ರಾಂಟಿನ ಮೇಲೆ ಬಂದ ಬಡ್ಡಿಯನ್ನು ಭಾರತ್‌ಕೋಶ್ ಪೋರ್ಟಲ್ ಮೂಲಕ ಸರ್ಕಾರಕ್ಕೆ ಕಟ್ಟಬೇಕು. ಅದು ಎಷ್ಟೋ ಪ್ರೊಫೆಸರ್‌ಗಳಿಗೆ ಗೊತ್ತೇ ಇರುವುದಿಲ್ಲ. ಒಂದು ಯುಸಿ ನಿಂತರೆ ಮುಂದಿನ ಕಂತು ನಿಲ್ಲುತ್ತದೆ. ಹುಡುಗರ ಫೆಲೋಶಿಪ್ ಕೂಡ ಅದರ ಜೊತೆಗೇ ನಿಲ್ಲುತ್ತದೆ.

ಈಗಂತೂ ಕೇಂದ್ರದ ಬಹಳ ಯೋಜನೆಗಳಲ್ಲಿ ದುಡ್ಡು ನಿಮ್ಮ ಖಾತೆಗೆ ಬರುವುದೇ ಇಲ್ಲ. ಖರ್ಚು ಮಾಡುವ ಮಿತಿ ಮಾತ್ರ ಬರುತ್ತದೆ. ಮಾರ್ಚ್ 31 ದಾಟಿದರೆ ಉಳಿದ ಮಿತಿ ಹೋಯಿತು. ಪೋರ್ಟಲ್‌ನಲ್ಲಿ ಒಬ್ಬರು ತುಂಬಿಸಬೇಕು, ಇನ್ನೊಬ್ಬರು ಪಾಸ್ ಮಾಡಬೇಕು, ಡಿಜಿಟಲ್ ಸಹಿ ಬೇಕು. ಇದನ್ನೆಲ್ಲ ಒಬ್ಬ ಕ್ಲರ್ಕ್ ಇರುವ ವಿಭಾಗ ಹೇಗೆ ಮಾಡುತ್ತದೆ? ಕಾಮನ್ ಆಫೀಸಿನಲ್ಲಿ ಪಳಗಿದವರು ನಾಲ್ಕು ಜನ ಇದ್ದರೆ ಎಲ್ಲರಿಗೂ ಒಳ್ಳೆಯದು.

ಡ್ಯೂವರ್_ಅಕ್ಕ:
ಭಟ್ಟರೇ, ಲೆಕ್ಕದ ಮಾತು ನೂರಕ್ಕೆ ನೂರು ಸರಿ. ಆದರೆ ಫಿಸಿಕ್ಸ್ ವಿಭಾಗದ ಆಫೀಸ್ ಎಂದರೆ ಲೆಕ್ಕ ಒಂದೇ ಅಲ್ಲ. ನಾನು ಮುಂಬೈಯಲ್ಲಿ ಲೋ ಟೆಂಪರೇಚರ್ ಲ್ಯಾಬಿನಲ್ಲಿ ಟೆಕ್ನಿಕಲ್ ಆಫೀಸರ್. ಒಂದು ಸಂಸ್ಥೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಹೆಸರು ಬೇಡ.

ಅಲ್ಲಿ ಒಂದು ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಇತ್ತು. ಒಳಗೆ ದ್ರವ ಹೀಲಿಯಂ, 4.2 ಕೆಲ್ವಿನ್. ಅದರ ಹೊರಗೆ ದ್ರವ ನೈಟ್ರೋಜನ್ ಜಾಕೆಟ್, 77 ಕೆಲ್ವಿನ್. ಹೊರಗಿನ ಬಿಸಿಯನ್ನು ನೈಟ್ರೋಜನ್ ತಡೆದರೆ ಮಾತ್ರ ಹೀಲಿಯಂ ಉಳಿಯುತ್ತದೆ. ವಾರ ವಾರವೂ ನೈಟ್ರೋಜನ್ ತುಂಬುತ್ತಲೇ ಇರಬೇಕು. ಎಂಥ ಒಳ್ಳೆಯ ಪಾತ್ರೆಯಲ್ಲಿಟ್ಟರೂ ಅದು ಕುದಿದು ಹೋಗುತ್ತದೆ, ಕೂಡಿಡಲು ಬರುವುದಿಲ್ಲ. ಮೊದಲು ವಿಭಾಗದ ಸ್ಟೋರಿನವರು ಸಪ್ಲೈಯರ್‌ಗೆ ನೇರವಾಗಿ ಫೋನ್ ಮಾಡಿ ತರಿಸುತ್ತಿದ್ದರು. ಕಾಮನ್ ಆಫೀಸ್ ಬಂದ ಮೇಲೆ ನೈಟ್ರೋಜನ್ ಬಿಲ್ ಪೇಪರ್, ಟೋನರ್ ಬಿಲ್‌ಗಳ ಜೊತೆ ಒಂದೇ ಕಂತೆಯಲ್ಲಿ ಹೋಯಿತು. ಕಂತೆಯಲ್ಲಿ ಟೋನರಿನದು ಏನೋ ತಕರಾರು. ಎಲ್ಲ ಬಿಲ್‌ಗಳೂ ನಿಂತವು. ಸಪ್ಲೈಯರ್ ಹಳೆಯ ಬಾಕಿ ಕೊಡಿ ಎಂದು ಟ್ಯಾಂಕರ್ ಕಳಿಸಲಿಲ್ಲ.

ಆಮೇಲೆ ಹೀಲಿಯಂ ಮಟ್ಟ ಬೇಗ ಬೇಗ ಇಳಿಯತೊಡಗಿತು. ಹೀಲಿಯಂ ನಮಗೆ ಹೊರದೇಶದಿಂದಲೇ ಬರಬೇಕು, ಬೆಲೆ ಕೇಳಲೇಬೇಡಿ. ಮ್ಯಾಗ್ನೆಟ್ ಕ್ವೆಂಚ್ ಆದರೆ, ಅಂದರೆ ಬಿಸಿಯಾಗಿ ಸೂಪರ್‌ಕಂಡಕ್ಟಿಂಗ್ ಗುಣ ಕಳೆದುಕೊಂಡರೆ, ಹೀಲಿಯಂ ಎಲ್ಲ ಒಮ್ಮೆಲೇ ಗ್ಯಾಸ್ ಆಗಿ ಹಾರಿಹೋಗುತ್ತದೆ. ಲ್ಯಾಬಿನ ಹುಡುಗರು ಪಕ್ಕದ ಸಂಸ್ಥೆಗಳಿಗೆ ಡ್ಯೂವರ್ (ಥರ್ಮಾಸ್‌ನಂಥ ಪಾತ್ರೆ) ಹೊತ್ತುಕೊಂಡು ಹೋಗಿ ಕೈಕಾಲು ಹಿಡಿದು ನೈಟ್ರೋಜನ್ ತಂದು ಅದನ್ನು ಉಳಿಸಿದರು. ಕಾಮನ್ ಆಫೀಸಿನವರು ಕೆಟ್ಟವರಲ್ಲ. ನೈಟ್ರೋಜನ್ ತಡವಾದರೆ ಏನಾಗುತ್ತದೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ.

ಇನ್ನೊಂದು. ಅದೇ ಇಂಡೆಂಟಿನಲ್ಲಿದ್ದ (ಖರೀದಿ ಬೇಡಿಕೆ ಪಟ್ಟಿ) ಆಕ್ಸಿಜನ್ ಮೀಟರನ್ನು 'ಅಗತ್ಯವಿಲ್ಲ' ಎಂದು ಹೊಡೆದುಹಾಕಿದ್ದರು. ಒಂದು ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಚೆಲ್ಲಿದರೆ ಉಸಿರಾಡಲು ಆಕ್ಸಿಜನ್ ಉಳಿಯುವುದಿಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ, ಮನುಷ್ಯ ಬೀಳುವವರೆಗೂ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಡ್ಯೂವರ್ ಜೊತೆ ಯಾರೂ ಲಿಫ್ಟಿನಲ್ಲಿ ಹೋಗಬಾರದು ಎಂಬ ನಿಯಮ ಇದೆ. ಡ್ಯೂವರ್ ಒಂದನ್ನೇ ಲಿಫ್ಟಿನಲ್ಲಿ ಕಳಿಸಿ, ಮೇಲೆ ನಿಂತವರು ಇಳಿಸಿಕೊಳ್ಳಬೇಕು. ಇಂಥ ಮೀಟರ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆ ಕೋಣೆಯನ್ನು ಒಮ್ಮೆಯಾದರೂ ನೋಡಿರಬೇಕು, ಅಲ್ವಾ?

ಕಲೀನಾ_ಕಡೆಯವ:
ಅಕ್ಕ ಹೇಳಿದ್ದೇ ಸಾಕು, ಇನ್ನೇನು ಬೇಕು.

ತಾಳೆಗಾಂವ್_ಮಳೆ:
ಗೋವಾದಿಂದ. ನಮ್ಮಲ್ಲಿ ನೈಟ್ರೋಜನ್‌ಗಿಂತ ಮಳೆಯದೇ ಚಿಂತೆ ಜಾಸ್ತಿ. ಜೂನ್ ಬಂತೆಂದರೆ ಲೆನ್ಸ್, ಪ್ರಿಸಂ, ಟೆಲಿಸ್ಕೋಪಿನ ಐಪೀಸ್ ಎಲ್ಲದಕ್ಕೂ ಬೂಸು ಹಿಡಿಯುತ್ತದೆ. ಎಫ್‌ಟಿಐಆರ್ ಎಂಬ ಇನ್‌ಫ್ರಾರೆಡ್ ಪರೀಕ್ಷೆಯ ಮಷೀನಿನಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಭಾಗಗಳಿರುತ್ತವೆ. ಅದು ಉಪ್ಪಿನ ಜಾತಿಯದು, ತೇವ ತಾಗಿದರೆ ಮಂಕಾಗಿ ಹಾಳಾಗುತ್ತದೆ. ಹಾಗಾಗಿ ಡಿಹ್ಯುಮಿಡಿಫೈಯರ್ ಹಗಲು ರಾತ್ರಿ ಓಡಬೇಕು. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಯಾದ ಕೂಡಲೇ ಒಲೆಯಲ್ಲಿ ಒಣಗಿಸಿ ಮತ್ತೆ ಇಡಬೇಕು.

ಇದನ್ನು ನಮ್ಮ ಲ್ಯಾಬ್ ಅಟೆಂಡೆಂಟ್ ಯಾರೂ ಹೇಳದೆಯೇ ಮಾಡುತ್ತಾರೆ. ಮೇ ಕೊನೆಯ ವಾರವೇ ಸ್ಪೆಕ್ಟ್ರೋಮೀಟರುಗಳನ್ನೆಲ್ಲ ಒರೆಸಿ, ಬೀರುವಿನೊಳಗೆ ಬಲ್ಬ್ ಹಚ್ಚಿ, ಬಾಗಿಲಿನ ಸಂದಿಗೆ ಟೇಪ್ ಹಾಕುತ್ತಾರೆ. ಒಂದು ವರ್ಷ 'ವಿದ್ಯುತ್ ಉಳಿತಾಯ' ಎಂದು ರಾತ್ರಿ ಇಡೀ ಕಟ್ಟಡದ ಮೇನ್ ಆಫ್ ಮಾಡುವ ಆದೇಶ ಬಂದಿತ್ತು. ಅವರು ನೇರವಾಗಿ ಹೋಗಿ ಜಗಳವಾಡಿ ನಮ್ಮ ಲೈನ್ ಬೇರೆ ಮಾಡಿಸಿಕೊಂಡು ಬಂದರು. ಗದಗಿನ ಸರ್, ಇಂಥವರನ್ನೂ ಕಾಮನ್ ಪೂಲ್‌ಗೆ ಎಳೆಯುತ್ತಾರಾ? ಸುತ್ತೋಲೆ ಸರಿಯಾಗಿ ಓದಿ.

ಗದಗಿನವ_ಪುಣೆ:
ಹೌದು ಮೇಡಂ. 'ಬೋಧಕೇತರ ಸಿಬ್ಬಂದಿ' ಎಂದಿದೆ, ಯಾರನ್ನೂ ಬಿಟ್ಟಿಲ್ಲ.

ತಾಳೆಗಾಂವ್_ಮಳೆ:
ಹಾಗಾದರೆ ಮೊದಲು ಅದಕ್ಕೇ ಆಕ್ಷೇಪಣೆ ಹಾಕಿ.

ಎಸ್‌ಆರ್‌ಎಫ್_ಹುಡುಗಿ:
ಪಿಎಚ್‌ಡಿ ಮಾಡುವವಳು ನಾನು. ನಮ್ಮ ಕಡೆಯಿಂದಲೂ ಒಂದು ಮಾತು. 2023ರ ಜನವರಿಯಿಂದ ತಿಂಗಳ ಫೆಲೋಶಿಪ್ ಜೆಆರ್‌ಎಫ್‌ಗೆ (ಜೂನಿಯರ್) 37,000, ಎಸ್‌ಆರ್‌ಎಫ್‌ಗೆ (ಸೀನಿಯರ್) 42,000 ರೂಪಾಯಿ. ಎರಡು ವರ್ಷ ಆದ ಮೇಲೆ ಕಮಿಟಿ ಕೂತು ನಮ್ಮ ಕೆಲಸ ನೋಡಿ ಎಸ್‌ಆರ್‌ಎಫ್‌ಗೆ ಏರಿಸಬೇಕು. ಕಮಿಟಿ ಕೂಡಿಸುವುದು, ಹೊರಗಿನ ತಜ್ಞರಿಗೆ ಪತ್ರ, ಮಿನಿಟ್ಸ್, ಪೋರ್ಟಲ್‌ನಲ್ಲಿ ಅಪ್‌ಲೋಡ್, ಎಲ್ಲ ವಿಭಾಗದ ಆಫೀಸಿನ ಕೆಲಸ. ತಿಂಗಳು ತಿಂಗಳೂ ಹಾಜರಿ ದೃಢೀಕರಣ ಹೋಗಬೇಕು. ಹಾಸ್ಟೆಲ್ ಸಿಗದವರಿಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಸರ್ಟಿಫಿಕೇಟ್ ಬೇಕು. ಪುಣೆಯಲ್ಲಿ ರೂಮಿನ ಬಾಡಿಗೆ ಏನಿದೆ ಎಂದು ನಿಮಗೆ ಗೊತ್ತು.

ಸೀನಿಯರ್ ಒಬ್ಬರ ಫೈಲ್ ಎರಡು ಆಫೀಸುಗಳ ನಡುವೆ ತಿರುಗಿ ತಿರುಗಿ ತಿಂಗಳುಗಟ್ಟಲೆ ದುಡ್ಡು ಬರಲಿಲ್ಲ. ಅಲ್ಲಿ ಕೇಳಿದರೆ ಇಲ್ಲಿ ಎನ್ನುತ್ತಿದ್ದರು, ಇಲ್ಲಿ ಕೇಳಿದರೆ ಅಲ್ಲಿ. ಆಕೆ ಟ್ಯೂಶನ್ ಹೇಳಿ ಬಾಡಿಗೆ ಕಟ್ಟಿದರು. ಯಾರ ಆಫೀಸ್ ಇದ್ದರೂ ನಮಗೆ ಅಡ್ಡಿಯಿಲ್ಲ. ಇಂಥ ಕೆಲಸಕ್ಕೆ ಇಂಥವರು ಎಂದು ಒಬ್ಬರ ಹೆಸರು ಬಾಗಿಲ ಮೇಲೆ ಇರಲಿ.

ಹುಬ್ಳಿ_ಎಂಜಿನಿಯರ್_ಹಿಂಜೇವಾಡಿ:
ನನ್ನ ಮಗಳು ಬಿಎಸ್ಸಿ ಕೊನೆಯ ವರ್ಷ. ಎಂಎಸ್ಸಿ ಫಿಸಿಕ್ಸಿಗೆ ಪುಣೆ ಒಳ್ಳೆಯದಾ, ಮುಂಬೈ ಒಳ್ಳೆಯದಾ?

ಕಲೀನಾ_ಕಡೆಯವ:
ಅಣ್ಣಾ, ಅದಕ್ಕೆ ಬೇರೆ ಚರ್ಚೆ ತೆಗೆಯಿರಿ. ಆದರೂ ಹೇಳುತ್ತೇನೆ, ಎಂಎಸ್ಸಿ ಪ್ರವೇಶಕ್ಕೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆ ಬರೆಸಿ, ಜೊತೆಗೆ ಆಯಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನೂ ಬರೆಸಿ. ಸೇರುವ ಮೊದಲು ಒಂದು ದಿನ ಹೋಗಿ ಎಂಎಸ್ಸಿ ಲ್ಯಾಬ್ ನೋಡಿ ಬನ್ನಿ. ಎಷ್ಟು ಪ್ರಯೋಗ ನಡೆಯುವ ಸ್ಥಿತಿಯಲ್ಲಿವೆ ಎಂದು ಅಲ್ಲಿನ ಹುಡುಗರನ್ನು ಕೇಳಿ. ಅದರಿಂದ ವಿಭಾಗ ಹೇಗಿದೆ ಎಂದು ಗೊತ್ತಾಗಿಬಿಡುತ್ತದೆ.

ಪಾಷಾಣ್_ರಸ್ತೆ:
ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿಜ್ಞಾನ ಖರೀದಿ ನಿಯಮ ಸಡಿಲ ಮಾಡಿದೆ. ಕೊಟೇಶನ್ ಇಲ್ಲದೆ ನೇರ ಖರೀದಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ. ಮೊದಲು 200 ಕೋಟಿಯವರೆಗೆ ಗ್ಲೋಬಲ್ ಟೆಂಡರ್‌ಗೆ ದೆಹಲಿಯ ಅನುಮತಿ ಬೇಕಿತ್ತು. ಈಗ ಕುಲಪತಿ, ನಿರ್ದೇಶಕರೇ ಕೊಡಬಹುದು. ಪ್ರೊಫೆಸರೇ ಎಲ್ಲ ತರಿಸಿಕೊಳ್ಳಬಹುದು. ಕ್ಲರ್ಕ್ ಏಕೆ, ಕಾಮನ್ ಆಫೀಸ್ ಏಕೆ?

ಲೆಕ್ಕದ_ಭಟ್ಟರು:
ಅಂಕಿಗಳು ಸರಿ. ಆದರೆ ಅದು ಕೇಂದ್ರದ ನಿಯಮ. ರಾಜ್ಯ ವಿಶ್ವವಿದ್ಯಾಲಯ ತನ್ನ ಸ್ವಂತ ನಿಧಿಯಿಂದ ಮಾಡುವ ಖರೀದಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ, ರಾಜ್ಯದ ಮತ್ತು ವಿಶ್ವವಿದ್ಯಾಲಯದ ನಿಯಮ ನೋಡಬೇಕು. ಮಿತಿ ಏರಿತು ಎಂದ ಮಾತ್ರಕ್ಕೆ ಕಾಗದ ಕಡಿಮೆ ಆಗಲಿಲ್ಲ. ನೇರ ಖರೀದಿ ಮಾಡಿದರೂ ವಸ್ತು ಸರಿಯಿದೆ, ಬೆಲೆ ನ್ಯಾಯವಾಗಿದೆ ಎಂದು ಬರೆದು ಸಹಿ ಮಾಡಬೇಕು. ಆಡಿಟ್‌ನವರು ಅದನ್ನೇ ಮೊದಲು ಕೇಳುವುದು.

ಪ್ರೊಫೆಸರುಗಳೇ ಮಾಡಿಕೊಳ್ಳಲಿ ಎನ್ನುವವರಿಗೆ ಒಂದು ಉದಾಹರಣೆ. ಸಂಶೋಧನಾ ಉಪಕರಣಕ್ಕೆ 5 ಶೇಕಡಾ ಜಿಎಸ್‌ಟಿ ರಿಯಾಯಿತಿ ಇತ್ತು. 2022ರ ಜುಲೈ 18ರಿಂದ ಅದು ಹೋಗಿ 18 ಶೇಕಡಾ ಆಯಿತು. ಹಳೆಯ ದರ ಹಿಡಿದು ಪ್ರಸ್ತಾವನೆ ಬರೆದವರಿಗೆ 50 ಲಕ್ಷದ ಮಷೀನಿಗೆ ಆರೂವರೆ ಲಕ್ಷ ಕಡಿಮೆ ಬಿತ್ತು. ಇಂಥ ಬದಲಾವಣೆಯನ್ನು ದಿನಾ ನೋಡುವವರು ಒಬ್ಬರು ಬೇಕೇ ಬೇಕು.

ಸಿಎಚ್‌ಬಿ_ಮೇಷ್ಟ್ರು:
ಇಷ್ಟು ಹೊತ್ತು ಮಷೀನಿನ ಮಾತೇ ಆಯಿತು. ಮನುಷ್ಯರ ಮಾತೂ ಬರಲಿ. ಮಹಾರಾಷ್ಟ್ರದಲ್ಲಿ ನಮ್ಮಂಥ ಸಿಎಚ್‌ಬಿಗಳು ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತೇವೆ. ಪ್ರಾಕ್ಟಿಕಲ್ ಗಂಟೆಗೆ ಥಿಯರಿಗಿಂತ ಕಡಿಮೆ ಸಂಬಳ. ಫಿಸಿಕ್ಸಿನಲ್ಲಿ ಜಾಸ್ತಿ ಹೊತ್ತು ಹೋಗುವುದು ಪ್ರಾಕ್ಟಿಕಲ್‌ಗೇ. ಬಿಲ್ ಮೂರು ಪ್ರತಿ, ಟೈಮ್‌ಟೇಬಲ್ ಜೊತೆ ತಾಳೆ, ಎಚ್‌ಓಡಿ ಸಹಿ. ಒಂದು ಗಂಟೆ ಹೆಚ್ಚು ಕಡಿಮೆ ಇದ್ದರೆ ವಾಪಸ್. ವಿಭಾಗದ ಕ್ಲರ್ಕ್ ನಮ್ಮ ಮುಖ ನೋಡಿರುತ್ತಾರೆ, ತಪ್ಪಿದ್ದರೆ ಕರೆದು ಸರಿಮಾಡಿಸುತ್ತಾರೆ. ದೂರದ ಆಫೀಸಿನವರಿಗೆ ನಾವೊಂದು ನಂಬರ್.

ಇನ್ನೊಂದು ಘಟನೆ. ನಾನು ಹಿಂದೆ ಇದ್ದ ಕಡೆ ಸೋಡಿಯಂ ಲ್ಯಾಂಪುಗಳನ್ನು ಕೇಂದ್ರ ಸ್ಟೋರ್ ತರಿಸಿತು. ಎಲ್-1 ಬೆಲೆ, ಅಂದರೆ ಎಲ್ಲಕ್ಕಿಂತ ಕಡಿಮೆ ಬೆಲೆ, ಚೆನ್ನಾಗಿಯೇ ಇತ್ತು. ಆದರೆ ಲ್ಯಾಂಪಿಗೆ ಹೊಂದುವ ಟ್ರಾನ್ಸ್‌ಫಾರ್ಮರ್ ಆರ್ಡರ್‌ನಲ್ಲೇ ಇರಲಿಲ್ಲ. ಸೋಡಿಯಂ ಲ್ಯಾಂಪ್ ಸುಮ್ನೆ ಪ್ಲಗ್ಗಿಗೆ ಚುಚ್ಚಿದರೆ ಉರಿಯುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಎದುರಿಗೆ. ಒಂದೇ ಲ್ಯಾಂಪಿನ ಎರಡೂ ಕಡೆ ಸ್ಪೆಕ್ಟ್ರೋಮೀಟರ್ ಇಟ್ಟು ಮಕ್ಕಳಿಂದ ಪ್ರಯೋಗ ಮಾಡಿಸಿದೆವು. 589.0 ಮತ್ತು 589.6 ನ್ಯಾನೋಮೀಟರಿನ ಆ ಎರಡು ಹಳದಿ ಗೆರೆ ಬೇರೆ ಬೇರೆ ಕಾಣಬೇಕಾದರೆ ಮಕ್ಕಳಿಗೆ ಕೂತು ಹೊಂದಿಸಲು ಸಮಯ ಬೇಕು. ಸರದಿಯಲ್ಲಿ ನಿಲ್ಲಿಸಿದರೆ ಅವರು ಏನು ಕಲಿಯುತ್ತಾರೆ?

ಪಾಷಾಣ್_ರಸ್ತೆ:
ಅದು ಸ್ಪೆಸಿಫಿಕೇಶನ್ ಬರೆದವರ ತಪ್ಪು, ಕೇಂದ್ರ ಸ್ಟೋರಿನದಲ್ಲ.

ಸಿಎಚ್‌ಬಿ_ಮೇಷ್ಟ್ರು:
ವಿಭಾಗದವರು ಬರೆದಿದ್ದರು ಸರ್. ಇಪ್ಪತ್ತು ವಿಭಾಗಗಳ ಪಟ್ಟಿ ಒಂದು ಮಾಡುವಾಗ ಆ ಸಾಲು ಬಿಟ್ಟುಹೋಯಿತು. ಲ್ಯಾಬ್ ಗೊತ್ತಿದ್ದವರು ಒಬ್ಬರು ಆ ಪಟ್ಟಿ ನೋಡಿದ್ದರೆ ಅಲ್ಲೇ ಹಿಡಿಯುತ್ತಿದ್ದರು.

ಪಾಷಾಣ್_ರಸ್ತೆ:
ಸರಿ, ಅದನ್ನು ಒಪ್ಪಿದೆ. ಆದರೆ ಹಳೆಯ ಸಾಮಾನಿನ ವಿಷಯದಲ್ಲಾದರೂ ಕೇಂದ್ರ ಆಫೀಸ್ ಬೇಕು. ಫಿಸಿಕ್ಸ್ ವಿಭಾಗಗಳ ಕಾರಿಡಾರ್ ನೋಡಿದ್ದೀರಾ? ಮುರಿದ ಆಸಿಲೋಸ್ಕೋಪ್, ತುಕ್ಕು ಹಿಡಿದ ವ್ಯಾಕ್ಯೂಮ್ ಪಂಪ್, ಕಾಲಿಡಲು ಜಾಗ ಇಲ್ಲ. ಒಂದೇ ಸಲ ಎಲ್ಲ ಹರಾಜು ಹಾಕಿ ಜಾಗ ಮಾಡಬೇಕು.

ಡ್ಯೂವರ್_ಅಕ್ಕ:
ದಯವಿಟ್ಟು ಹಾಗೆ ಹೇಳಬೇಡಿ. 2010ರ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯ ಘಟನೆ ನೆನಪಿದೆಯಾ? ದೆಹಲಿ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಗಾಮಾ ಯಂತ್ರವನ್ನು ಹಳೆಯ ಸಾಮಾನಿನ ಜೊತೆ ಹರಾಜು ಹಾಕಿದರು. ಒಳಗೆ ಕೋಬಾಲ್ಟ್-60 ಇತ್ತು. ಗುಜರಿಯವರು ಅದನ್ನು ಒಡೆದರು. ವಿಕಿರಣದಿಂದ ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಯಂತ್ರ ತಂದವರು, ಬಳಸಿದವರು ನಿವೃತ್ತರಾಗಿದ್ದರು. ಅದೇನೆಂದು ಗೊತ್ತಿದ್ದವರು ಯಾರೂ ಆ ಪಟ್ಟಿ ನೋಡಲಿಲ್ಲ.

ಫಿಸಿಕ್ಸ್ ವಿಭಾಗದಲ್ಲಿ ಗೈಗರ್ ಕೌಂಟರ್ ಪ್ರಯೋಗಕ್ಕೆ ಚಿಕ್ಕ ಚಿಕ್ಕ ವಿಕಿರಣ ಮೂಲಗಳು ಇದ್ದೇ ಇರುತ್ತವೆ. ಬಟನ್ ಗಾತ್ರ, ಸೀಸದ ಡಬ್ಬಿಯಲ್ಲಿ. ಎಕ್ಸ್‌ರೇ ಮಷೀನ್ ಇರುತ್ತದೆ. ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಕಚೇರಿ ಇಲ್ಲೇ ಮುಂಬೈಯ ಅಣುಶಕ್ತಿನಗರದಲ್ಲಿದೆ. ಇ-ಲೋರಾ ಪೋರ್ಟಲ್ ಮೂಲಕ ಅವರ ಅನುಮತಿ ಪಡೆಯಬೇಕು. ವಿಕಿರಣ ಮೂಲವನ್ನು ವಿಲೇವಾರಿ ಮಾಡಲೂ ಅವರ ಒಪ್ಪಿಗೆ ಬೇಕು. ಗದಗಿನ ಸರ್, ನಿಮ್ಮ ಕ್ಲರ್ಕ್ ನಿವೃತ್ತರಾಗುವ ಮೊದಲು ಅವರನ್ನೂ ಲ್ಯಾಬಿನವರನ್ನೂ ಕರೆದುಕೊಂಡು ಬೀರು ಬೀರು ತೆಗೆದು ಪಟ್ಟಿ ಮಾಡಿ. ಲೇಬಲ್ ಇಲ್ಲದ ಸೀಸದ ಡಬ್ಬಿ ಸಿಕ್ಕರೆ ಕೈಯಿಂದ ತೆರೆಯಬೇಡಿ. ಮೊದಲು ಸರ್ವೇ ಮೀಟರ್ ಹಿಡಿಸಿ.

ಗದಗಿನವ_ಪುಣೆ:
ಇದನ್ನು ನಾಳೆಯೇ ಶುರು ಮಾಡುತ್ತೇನೆ ಅಕ್ಕ. ನಮ್ಮಲ್ಲಿ ಮೂಲಗಳ ರಿಜಿಸ್ಟರ್ ಇದೆ. ಆದರೆ ಹಳೆಯ ಪುಟಗಳನ್ನು ಈಚೆಗೆ ಯಾರೂ ತಾಳೆ ನೋಡಿಲ್ಲ.

ಕೇಂದ್ರ_ಸಂಸ್ಥೆಯವಳು:
ನಾನು ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯ ಖರೀದಿ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಎಲ್ಲವೂ ಕೇಂದ್ರೀಕೃತ, ಚೆನ್ನಾಗಿಯೇ ನಡೆಯುತ್ತದೆ. ಏಕೆ ಗೊತ್ತಾ? ಆಮದು ನೋಡುವವರು ಬೇರೆ, ಕಸ್ಟಮ್ಸ್ ಕಾಗದ ನೋಡುವವರು ಬೇರೆ, ಸ್ಟೋರ್ ಬೇರೆ. ಇವರ ಜೊತೆಗೆ ಪ್ರತಿ ಲ್ಯಾಬ್‌ನಲ್ಲೂ ಟೆಕ್ನಿಕಲ್ ಸ್ಟಾಫ್ ಇದ್ದಾರೆ. ವಿಜ್ಞಾನಿ ಸ್ಪೆಸಿಫಿಕೇಶನ್ ಬರೆದರೆ ನಾವು ಎದುರಿಗೆ ಕೂತು ಸಾಲು ಸಾಲು ಕೇಳುತ್ತೇವೆ: ವೋಲ್ಟೇಜ್ ಎಷ್ಟು, ಚಿಲ್ಲರ್ ಸೇರಿದೆಯಾ, ಇನ್‌ಸ್ಟಾಲೇಶನ್ ಯಾರದು.

ನಿಮ್ಮಲ್ಲಿ ಆಗುತ್ತಿರುವುದು ಕೇಂದ್ರೀಕರಣ ಅಲ್ಲ. ಖಾಲಿ ಹುದ್ದೆ ತುಂಬಲು ಆಗದೆ ಉಳಿದವರನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದಾರೆ. ಅರಿವೆ ಸಾಲದು ಎಂದು ನಾಲ್ಕು ಹರಿದ ಅಂಗಿ ಸೇರಿಸಿ ಒಂದು ಹೊಲಿದರೆ ಮೂವರು ಬರಿಮೈಯಲ್ಲಿ ಇರಬೇಕಾಗುತ್ತದೆ. ಮೀಟಿಂಗ್‌ನಲ್ಲಿ ಕೇಂದ್ರ ಬೇಕಾ, ವಿಭಾಗ ಬೇಕಾ ಎಂಬ ವಾದಕ್ಕೆ ಹೋಗಲೇಬೇಡಿ. ಕಾಮನ್ ಆಫೀಸಿಗೆ ಎಷ್ಟು ಮಂಜೂರಾದ ಹುದ್ದೆ, ಎಷ್ಟು ಭರ್ತಿ, ವಿಜ್ಞಾನ ಖರೀದಿ ಗೊತ್ತಿರುವವರು ಯಾರು, ಇದನ್ನು ಲಿಖಿತವಾಗಿ ಕೇಳಿ.

ಲೆಕ್ಕದ_ಭಟ್ಟರು:
ಈ ತಂಗಿ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು 'ಪಳಗಿದವರು ನಾಲ್ಕು ಜನ ಇದ್ದರೆ' ಎಂದೇ ಬರೆದಿದ್ದೆ. ಆ ನಾಲ್ಕು ಜನ ಇಲ್ಲದಿದ್ದರೆ ನನ್ನ ವಾದವೂ ನಿಲ್ಲುವುದಿಲ್ಲ.

ಎಸ್‌ಆರ್‌ಎಫ್_ಹುಡುಗಿ:
ನಿವೃತ್ತರಾಗುವ ಮೇಡಂ ಅವರನ್ನೇ ಕಾಂಟ್ರಾಕ್ಟ್ ಮೇಲೆ ಒಂದು ವರ್ಷ ಇಟ್ಟುಕೊಳ್ಳಬಹುದಲ್ಲ ಸರ್?

ಗದಗಿನವ_ಪುಣೆ:
ಕೇಳಿದೆ ಅಮ್ಮಾ. ಮೂವತ್ತು ವರ್ಷದ ಮೇಲೆ ದುಡಿದಿದ್ದಾರೆ, ಮೊಮ್ಮಗುವಿನ ಜೊತೆ ಇರಬೇಕು ಎನ್ನುತ್ತಾರೆ. ಅವರ ಮೇಲೆ ಇನ್ನೂ ಭಾರ ಹೊರಿಸುವುದು ನ್ಯಾಯವಲ್ಲ. ಬದಲಿ ನೌಕರರನ್ನು ಅಕ್ಟೋಬರಿನಲ್ಲೇ ಕೊಟ್ಟರೆ ಎರಡು ತಿಂಗಳು ಜೊತೆಗಿದ್ದು ಕಲಿಸುತ್ತೇನೆ ಎಂದಿದ್ದಾರೆ. ಅದನ್ನೇ ಕೇಳುತ್ತೇನೆ.

ಎಲ್ಲರ ಮಾತು ಓದಿ ಹೀಗೆ ಬರೆಯೋಣ ಎಂದಿದ್ದೇನೆ. ಪೋರ್ಟಲ್ ಕೆಲಸ, ಯುಸಿ, ದೊಡ್ಡ ಟೆಂಡರ್ ಕಾಮನ್ ಆಫೀಸಿಗೆ ಹೋಗಲಿ. ಆದರೆ ಅಲ್ಲಿನ ಹುದ್ದೆಗಳು ಮೊದಲು ಭರ್ತಿಯಾಗಲಿ. ಲ್ಯಾಬ್ ಅಟೆಂಡೆಂಟ್, ಸ್ಟೋರ್, ಗ್ಯಾಸ್ ಮತ್ತು ನೈಟ್ರೋಜನ್ ಬಿಲ್, ಎಎಂಸಿ, ವಿಕಿರಣ ಮೂಲಗಳ ರಿಜಿಸ್ಟರ್, ವಿದ್ಯಾರ್ಥಿಗಳ ಫೆಲೋಶಿಪ್ ಕಾಗದ ವಿಭಾಗದಲ್ಲೇ ಇರಬೇಕು. ಸುರಕ್ಷತೆಯ ಸಾಮಾನನ್ನು ವಿಭಾಗಕ್ಕೆ ತಿಳಿಸದೆ ಇಂಡೆಂಟಿನಿಂದ ತೆಗೆಯಬಾರದು. ಹಳೆಯ ಸಾಮಾನು ಹೊರಗೆ ಹೋಗುವಾಗ ವಿಭಾಗದ ತಾಂತ್ರಿಕ ಸಿಬ್ಬಂದಿಯ ಸಹಿ ಬೇಕೇ ಬೇಕು.

ಡ್ಯೂವರ್_ಅಕ್ಕ:
ನೈಟ್ರೋಜನ್‌ಗೆ ವಾರ್ಷಿಕ ದರ ಒಪ್ಪಂದ ಎಂದು ಸೇರಿಸಿ. ವಾರ ವಾರ ಹೊಸ ಫೈಲ್ ಹಾಕುವುದು ತಪ್ಪುತ್ತದೆ.

ತಾಳೆಗಾಂವ್_ಮಳೆ:
ಡಿಹ್ಯುಮಿಡಿಫೈಯರ್, ಚಿಲ್ಲರ್ ಇರುವ ಕೋಣೆಗಳ ವಿದ್ಯುತ್ ಲೈನ್ ಬೇರೆ ಇರಲಿ ಎಂದೂ ಹಾಕಿ. ಪುಣೆಯಲ್ಲಿ ಮಳೆ ಕಡಿಮೆ ಎಂದು ಬಿಡಬೇಡಿ.

ಲೆಕ್ಕದ_ಭಟ್ಟರು:
ದರ ಒಪ್ಪಂದದ ಕರಡು ನನ್ನ ಹತ್ತಿರ ಇದೆ, ಹುದ್ದೆ ಭರ್ತಿಯ ಟಿಪ್ಪಣಿಯೂ ಬರೆದುಕೊಡುತ್ತೇನೆ. ನಿಮ್ಮ ಕಚೇರಿಯಲ್ಲಿ ಮರಾಠಿಯಲ್ಲಿ ಬೇಕಾ, ಇಂಗ್ಲಿಷಿನಲ್ಲಿ ನಡೆಯುತ್ತದಾ ಹೇಳಿ. ಭಾನುವಾರದೊಳಗೆ ಕಳಿಸುತ್ತೇನೆ.

ಗದಗಿನವ_ಪುಣೆ:
ಮರಾಠಿಯಲ್ಲೇ ಬೇಕು ಭಟ್ಟರೇ. ಕುಲಸಚಿವರ ಕಚೇರಿಗೆ ಆವಕ ನಂಬರ್ ಹಾಕಿಸಿ ನಾನೇ ಕೈಯಾರೆ ಕೊಟ್ಟು ಬರುತ್ತೇನೆ. ಮೀಟಿಂಗ್‌ನಲ್ಲಿ ಏನಾಯಿತು ಎಂದು ಇಲ್ಲೇ ಬರೆಯುತ್ತೇನೆ.